ಚಿಮಣಿಯೊಳಗಿನ ಮಕ್ಕಳನ್ನು ಹೊರಗೆ ತಂದ ಲಾರ್ಡ್ ಶಾಫ್ಟ್ಸ್‌ಬರಿ

ಚಿಮಣಿ ಎಂದರೆ ನಮ್ಮಲ್ಲಿ ಅನೇಕರಿಗೆ ಸೀಮೆಎಣ್ಣೆಯ ದೀಪ ನೆನಪಾಗುತ್ತದೆ. ಉರ್ದು ಮಾತಾಡುವ ನಮ್ಮ ಮನೆಯಲ್ಲಿ ದಾದಿಮಾ, ಅಂದರೆ ಅಜ್ಜಿ, ಕಂದೀಲಿನ ಗಾಜಿಗೆ ಈಗಲೂ ಚಿಮ್ನಿ ಎನ್ನುತ್ತಾರೆ. ಹೊಸ ಮನೆಗಳಲ್ಲಿ ಗ್ಯಾಸ್ ಒಲೆಯ ಮೇಲೆ ಹಾಕಿಸುವ ಹೊಗೆ ಎಳೆಯುವ ಯಂತ್ರಕ್ಕೂ ಅದೇ ಹೆಸರು. ಅದರ ಜಾಲರಿಯನ್ನು ಬಿಚ್ಚಿ ಬಿಸಿನೀರು, ಸೋಪಿನಪುಡಿ ಹಾಕಿ ಉಜ್ಜಿದರೆ ಕೆಲಸ ಮುಗಿಯಿತು. ಆದರೆ ಇಂಗ್ಲೆಂಡಿನಲ್ಲಿ ಚಿಮಣಿ ಸ್ವಚ್ಛ ಮಾಡುವ ಕೆಲಸ ನೂರಕ್ಕೂ ಹೆಚ್ಚು ವರ್ಷ ಪುಟ್ಟ ಮಕ್ಕಳ ಜೀವ ತೆಗೆಯಿತು. ಅದನ್ನು ನಿಲ್ಲಿಸಲು ಮೂವತ್ತೈದು ವರ್ಷ ಬಿಡದೆ ಹೋರಾಡಿದವರು ಲಾರ್ಡ್ ಶಾಫ್ಟ್ಸ್‌ಬರಿ. ವಾಣಿಜ್ಯ ವಿಭಾಗದ ವಿದ್ಯಾರ್ಥಿಯಾದ ನನಗೆ ಅವರ ಜೀವನದಲ್ಲಿ ಕಲಿಯುವುದು ಬಹಳ ಕಂಡಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಅವರ ಪೂರ್ಣ ಹೆಸರು ಆ್ಯಂಟನಿ ಆಶ್ಲಿ ಕೂಪರ್. 1801ರ ಏಪ್ರಿಲ್ 28ರಂದು ಲಂಡನ್ನಿನ ಶ್ರೀಮಂತ ಮನೆತನದಲ್ಲಿ ಹುಟ್ಟಿದರು. ಮನೆಯಲ್ಲಿ ಹಣಕ್ಕೆ ಕೊರತೆ ಇರಲಿಲ್ಲ, ಪ್ರೀತಿಗೆ ಇತ್ತು. ತಂದೆ ತಾಯಿ ಇಬ್ಬರೂ ಮಕ್ಕಳನ್ನು ಹತ್ತಿರ ಸೇರಿಸುತ್ತಿರಲಿಲ್ಲ. ಆ ಮಗುವನ್ನು ನಿಜವಾಗಿ ಸಾಕಿದವರು ಮನೆಗೆಲಸದ ಮೇಲ್ವಿಚಾರಣೆ ನೋಡುತ್ತಿದ್ದ ಮರಿಯಾ ಮಿಲ್ಲಿಸ್ ಎಂಬ ಹೆಂಗಸು. ಪ್ರಾರ್ಥನೆ ಕಲಿಸಿದವರೂ ಅವರೇ. ಅವರು ಬೇಗ ತೀರಿಕೊಂಡರು. ಸಾಯುವಾಗ ತಮ್ಮ ಚಿನ್ನದ ಗಡಿಯಾರವನ್ನು ಈ ಹುಡುಗನಿಗೆ ಬಿಟ್ಟುಹೋದರು. ಮುಂದೆ ದೊಡ್ಡ ಮನುಷ್ಯರಾದ ಮೇಲೂ ಶಾಫ್ಟ್ಸ್‌ಬರಿ ಆ ಗಡಿಯಾರವನ್ನೇ ಇಟ್ಟುಕೊಂಡಿದ್ದರು.

ಏಳನೇ ವಯಸ್ಸಿಗೆ ಅವರನ್ನು ವಸತಿ ಶಾಲೆಗೆ ಸೇರಿಸಿದರು. ಅಲ್ಲಿ ಹೊಡೆತ, ಹಸಿವು, ಹೆದರಿಕೆ ಎಲ್ಲವನ್ನೂ ಕಂಡರು. ನಂತರ ಹ್ಯಾರೋ ಶಾಲೆಯಲ್ಲಿ ಓದುತ್ತಿದ್ದಾಗ ಒಬ್ಬ ಬಡವನ ಶವ ಹೊತ್ತುಕೊಂಡು ಬರುತ್ತಿದ್ದ ಕುಡುಕರು ಶವಪೆಟ್ಟಿಗೆಯನ್ನು ದಾರಿಯಲ್ಲಿ ಕೆಡವಿದ್ದನ್ನು ನೋಡಿದರು. ಬಡವನಿಗೆ ಸತ್ತ ಮೇಲೂ ಮರ್ಯಾದೆ ಇಲ್ಲವೆಂದು ಅವರಿಗೆ ಆಗ ಅನ್ನಿಸಿತು. ಬಡವರ ಪರವಾಗಿ ಬದುಕಬೇಕೆಂಬ ನಿರ್ಧಾರ ಅಲ್ಲಿಂದ ಶುರುವಾಯಿತು.

ಆಕ್ಸ್‌ಫರ್ಡ್‌ನಲ್ಲಿ ಪ್ರಥಮ ದರ್ಜೆ ಪಡೆದು 1826ರಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, ಪಾರ್ಲಿಮೆಂಟಿನ ಸದಸ್ಯರಾದರು. 1828ರಲ್ಲಿ ಭಾರತದ ಆಡಳಿತವನ್ನು ನೋಡಿಕೊಳ್ಳುವ ಮಂಡಳಿಯಲ್ಲೂ ಸ್ಥಾನ ಸಿಕ್ಕಿತು. ಆದರೆ ಅವರ ಹೆಸರು ಉಳಿದದ್ದು ಕಾರ್ಮಿಕರ ಕಾನೂನುಗಳಿಂದ. 1833ರ ಕಾರ್ಖಾನೆ ಕಾನೂನಿನ ಹಿಂದೆ ಅವರ ಒತ್ತಾಯವಿತ್ತು. ಅದು ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಗೆ ತಡೆ ಹಾಕಿತು. 1842ರ ಕಾನೂನು ಹೆಂಗಸರನ್ನೂ 10 ವರ್ಷದೊಳಗಿನ ಹುಡುಗರನ್ನೂ ಗಣಿಯ ಒಳಗಿನ ಕೆಲಸದಿಂದ ಹೊರಗೆ ತಂದಿತು. 1847ರಲ್ಲಿ ಗಿರಣಿಯ ಹೆಂಗಸರಿಗೂ ಹರೆಯದವರಿಗೂ ದಿನಕ್ಕೆ ಹತ್ತು ಗಂಟೆಯ ಮಿತಿ ಬಂತು. ಇವೆಲ್ಲ ಹಲವು ಪುಸ್ತಕಗಳಲ್ಲಿವೆ. ಚಿಮಣಿಯ ಕತೆ ಅಷ್ಟಾಗಿ ಗೊತ್ತಿಲ್ಲ.

ಇಂಗ್ಲೆಂಡಿನ ಚಳಿಗೆ ಆಗ ಕೋಣೆ ಕೋಣೆಗೂ ಬೆಂಕಿಯ ಗೂಡು ಬೇಕಿತ್ತು. ಕಲ್ಲಿದ್ದಲು ಉರಿದಾಗ ಹೊಗೆ ಗೋಡೆಯೊಳಗಿನ ಕೊಳವೆಯಲ್ಲಿ ಮೇಲೇರುತ್ತದೆ, ಮಸಿ ಒಳಗೆ ಅಂಟಿಕೊಳ್ಳುತ್ತದೆ. ಮಸಿ ದಪ್ಪವಾದರೆ ಹೊಗೆ ಮೇಲೆ ಹೋಗದೆ ವಿಷದ ಗಾಳಿ ಮನೆಯೊಳಗೇ ತಿರುಗುತ್ತದೆ. ಆ ಮಸಿಗೆ ಕಿಡಿ ತಾಗಿದರೆ ಇಡೀ ಮನೆ ಸುಟ್ಟುಹೋಗಬಹುದು. ಹಾಗಾಗಿ ಸ್ವಚ್ಛ ಮಾಡಿಸುವುದು ಅಗತ್ಯವೇ ಆಗಿತ್ತು. ಅದನ್ನು ಯಾರು ಮಾಡಬೇಕು ಎನ್ನುವುದೇ ಪ್ರಶ್ನೆ. ಸಾಮಾನ್ಯ ಕೊಳವೆಯ ಅಳತೆ 14 ಇಂಚು ಉದ್ದ, 9 ಇಂಚು ಅಗಲ. ಕೆಲವು ಅದಕ್ಕಿಂತ ಕಿರಿದು. ಅದರೊಳಗೆ ಹಿಡಿಸುವುದು ಮಕ್ಕಳು ಮಾತ್ರ.

ಬಡ ತಂದೆ ತಾಯಿ ಸ್ವಲ್ಪ ಹಣಕ್ಕೆ ಮಕ್ಕಳನ್ನು ಈ ಕಸುಬಿನ ಮಾಲೀಕರಿಗೆ ಒಪ್ಪಿಸುತ್ತಿದ್ದರು. ಅನಾಥರನ್ನು ಊರಿನ ಅಧಿಕಾರಿಗಳೇ ಒಪ್ಪಿಸುತ್ತಿದ್ದರು. ಐದಾರು ವರ್ಷದವರೂ ಅವರಲ್ಲಿ ಇದ್ದರು. ಕೊಳವೆಯೊಳಗೆ ಮೊಣಕೈ, ಮಂಡಿ ಒತ್ತಿಕೊಂಡು ಹತ್ತಬೇಕು. ಚರ್ಮ ಸುಲಿದು ರಕ್ತ ಬಂದರೆ ಆ ಜಾಗಕ್ಕೆ ಉಪ್ಪುನೀರು ಉಜ್ಜಿ, ಬೆಂಕಿಯ ಹತ್ತಿರ ನಿಲ್ಲಿಸಿ ಗಟ್ಟಿ ಮಾಡುತ್ತಿದ್ದರು. ಕೆಲವರು ಒಳಗೆ ಸಿಕ್ಕಿಕೊಂಡು ಉಸಿರುಗಟ್ಟಿ ಸತ್ತರು. ಬದುಕಿ ದೊಡ್ಡವರಾದ ಕೆಲವರಿಗೆ ಮಸಿಯಿಂದ ಕ್ಯಾನ್ಸರ್ ಬರುತ್ತಿತ್ತು. ಇದನ್ನು ಪರ್ಸಿವಲ್ ಪಾಟ್ ಎಂಬ ಲಂಡನ್ನಿನ ಶಸ್ತ್ರವೈದ್ಯರು 1775ರಲ್ಲೇ ಬರೆದಿದ್ದರು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಜಾರ್ಜ್ ಸ್ಮಾರ್ಟ್ ಎಂಬವರು 1803ರ ಹೊತ್ತಿಗೇ ಒಂದು ಸಾಧನ ಮಾಡಿದ್ದರು. ಟೊಳ್ಳು ಕೋಲುಗಳನ್ನು ಒಂದಕ್ಕೊಂದು ಸೇರಿಸಿ, ತುದಿಗೆ ಬ್ರಷ್ ಕಟ್ಟಿ ಕೆಳಗಿನಿಂದಲೇ ಮೇಲಕ್ಕೆ ತಳ್ಳುವುದು. 1828ರಲ್ಲಿ ಜೋಸೆಫ್ ಗ್ಲಾಸ್ ಅದನ್ನು ಬಾಗುವ ಬೆತ್ತದಿಂದ ಇನ್ನಷ್ಟು ಚೆನ್ನಾಗಿ ಮಾಡಿದರು. ಆದರೂ ಮನೆಯವರು ಬ್ರಷ್ ಬಂದರೆ ರತ್ನಗಂಬಳಿ ಮಸಿಯಾಗುತ್ತದೆ ಎಂದರು. ತಿರುವುಗಳಿರುವ ಹಳೆಯ ಚಿಮಣಿಯನ್ನು ಸರಿಪಡಿಸಲು ಖರ್ಚು ಎಂದರು. ಮಾಲೀಕರ ಲೆಕ್ಕದಲ್ಲಿ ಬ್ರಷ್‌ಗೆ ಬೆಲೆ ಇತ್ತು, ಮಗುವಿನ ಮಂಡಿಗೆ ಇರಲಿಲ್ಲ. ನಾವು ಬಿಸಿನೆಸ್ ಸ್ಟಡೀಸ್‌ನಲ್ಲಿ ವ್ಯವಹಾರದ ಸಾಮಾಜಿಕ ಜವಾಬ್ದಾರಿ ಎಂಬ ಪಾಠ ಓದುತ್ತೇವಲ್ಲ, ಅದು ಏಕೆ ಬೇಕು ಎಂದು ನನಗೆ ಇಲ್ಲಿ ಅರ್ಥವಾಯಿತು.

1840ರಲ್ಲಿ 21 ವರ್ಷದೊಳಗಿನ ಯಾರನ್ನೂ ಚಿಮಣಿ ಹತ್ತಿಸಬಾರದೆಂಬ ಮಸೂದೆ ಬಂತು. ಶಾಫ್ಟ್ಸ್‌ಬರಿ ಅದರ ಪರವಾಗಿ ನಿಂತರು. ಅದೇ ಸಮಯದಲ್ಲಿ ತಮ್ಮ ಮನೆಯ ಹತ್ತಿರವೇ ಈ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನನ್ನು ಬಿಡಿಸಿ ಶಾಲೆಗೆ ಸೇರಿಸಿದರು. ಕಾನೂನು ಪಾಸಾಯಿತು. ಎಲ್ಲರೂ ಸಮಸ್ಯೆ ಮುಗಿಯಿತು ಎಂದುಕೊಂಡರು.

ಮುಗಿಯಲಿಲ್ಲ. ಲಂಡನ್ನಿನಲ್ಲಿ ಮಟ್ಟಿಗೆ ಕಾನೂನು ನಡೆಯಿತು, ಬೇರೆ ಊರುಗಳಲ್ಲಿ ಹುಡುಗರು ಹತ್ತುತ್ತಲೇ ಇದ್ದರು. ಕಾರಣ ನೋಡಿ. 1833ರ ಕಾರ್ಖಾನೆ ಕಾನೂನಿಗೆ ಸರ್ಕಾರ ಸಂಬಳ ಕೊಟ್ಟು ತನಿಖಾಧಿಕಾರಿಗಳನ್ನು ನೇಮಿಸಿತ್ತು. ಚಿಮಣಿ ಕಾನೂನಿಗೆ ಅಂಥವರು ಒಬ್ಬರೂ ಇರಲಿಲ್ಲ. ಗಿರಣಿ ಎಲ್ಲರ ಕಣ್ಣಿಗೆ ಕಾಣುತ್ತದೆ, ಚಿಮಣಿ ಮನೆಯ ಒಳಗೆ. ದೂರು ಕೊಡುವವರು ಯಾರು? ಹುಡುಗನನ್ನು ಕರೆಸಿದವರು ಮನೆಯವರೇ. ಕೆಲವು ಊರುಗಳಲ್ಲಿ ದಂಡ ಹಾಕಬೇಕಾದ ಮ್ಯಾಜಿಸ್ಟ್ರೇಟರ ಮನೆಯಲ್ಲೂ ಮಕ್ಕಳೇ ಹತ್ತುತ್ತಿದ್ದರು.

1851ರಲ್ಲಿ ತಂದೆ ತೀರಿಕೊಂಡ ಮೇಲೆ ಅವರು ಏಳನೇ ಅರ್ಲ್ ಆಫ್ ಶಾಫ್ಟ್ಸ್‌ಬರಿ ಆಗಿ ಮೇಲ್ಮನೆಗೆ ಬಂದರು. ಆ ದಶಕದಲ್ಲಿ ಮತ್ತೆ ಮತ್ತೆ ಮಸೂದೆ ತಂದರು, ಪ್ರತಿ ಸಲವೂ ಸೋತರು. ಸೋತಾಗ ಅವರು ಸುಮ್ಮನಾಗಲಿಲ್ಲ, ಸಾಕ್ಷಿ ಸೇರಿಸಲು ಹೊರಟರು. ಮಕ್ಕಳ ದುಡಿಮೆಯ ಬಗ್ಗೆ ವಿಚಾರಣೆ ನಡೆಸುತ್ತಿದ್ದ ಆಯೋಗ ಚಿಮಣಿ ಹುಡುಗರನ್ನೂ ನೋಡುವಂತೆ ಮಾಡಿದರು. 1863ರ ಅದರ ವರದಿ ಕಾನೂನು ಇದ್ದೂ ಮಕ್ಕಳು ಹತ್ತುತ್ತಿರುವುದನ್ನು ಊರು ಊರಿನ ಸಾಕ್ಷಿಯೊಂದಿಗೆ ತೋರಿಸಿತು. 1864ರಲ್ಲಿ ಶಿಕ್ಷೆ ಹೆಚ್ಚಿಸುವ ಕಾನೂನು ಬಂತು. ಅದೂ ಕಾಗದದ ಮೇಲೆಯೇ ಉಳಿಯಿತು.

1875ರ ಫೆಬ್ರುವರಿಯಲ್ಲಿ ಕೇಂಬ್ರಿಡ್ಜ್ ಹತ್ತಿರದ ಫುಲ್‌ಬೋರ್ನ್ ಎಂಬಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಹುಡುಗನನ್ನು ಮಾನಸಿಕ ರೋಗಿಗಳ ಆಸ್ಪತ್ರೆಯ ಹೊಗೆಕೊಳವೆಯೊಳಗೆ ಕಳಿಸಿದರು. ಅವನು ಸಿಕ್ಕಿಕೊಂಡ. ಗೋಡೆ ಒಡೆದು ಹೊರಗೆ ತೆಗೆದರು, ಆದರೆ ಸ್ವಲ್ಪ ಹೊತ್ತಿಗೆ ಪ್ರಾಣ ಹೋಯಿತು. ಅವನ ಮಾಲೀಕನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಅಂಥ ಆಸ್ಪತ್ರೆಗಳ ತಪಾಸಣೆ ಮಾಡುವ ಆಯೋಗಕ್ಕೆ 1845ರಿಂದ ಅಧ್ಯಕ್ಷರಾಗಿದ್ದವರು ಶಾಫ್ಟ್ಸ್‌ಬರಿಯವರೇ! ಮಕ್ಕಳನ್ನು ಕಳಿಸಬಾರದೆಂಬ ಕಾನೂನು ಬಂದು 35 ವರ್ಷವಾಗಿತ್ತು.

ಎಪ್ಪತ್ನಾಲ್ಕರ ಹತ್ತಿರದ ಆ ಮುದುಕರು ಮತ್ತೆ ಮಸೂದೆ ತಂದರು. ಈ ಸಲ ದಂಡದ ಜೊತೆ ಲೈಸೆನ್ಸ್ ಸೇರಿಸಿದರು. ಚಿಮಣಿ ಸ್ವಚ್ಛ ಮಾಡುವ ಪ್ರತಿಯೊಬ್ಬ ಮಾಲೀಕನೂ ಪೊಲೀಸರಿಂದ ಪ್ರತಿ ವರ್ಷ ಪ್ರಮಾಣಪತ್ರ ಪಡೆಯಬೇಕು. ಕಾನೂನು ನಡೆಯುವಂತೆ ನೋಡಿಕೊಳ್ಳುವುದು ಪೊಲೀಸರ ಕರ್ತವ್ಯ. ತಪ್ಪು ಮಾಡಿದವನ ಪ್ರಮಾಣಪತ್ರ ಹೋಗುತ್ತದೆ, ಕಸುಬೇ ನಿಲ್ಲುತ್ತದೆ. ಅಂಗಡಿ ಇಟ್ಟಿರುವ ಮನೆಗಳ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ. ವ್ಯಾಪಾರಿ ದಂಡ ಕಟ್ಟಿ ಮರೆಯಬಹುದು, ಲೈಸೆನ್ಸ್ ರದ್ದಾಗುತ್ತದೆ ಎಂದರೆ ಹೆದರುತ್ತಾನೆ. ಮಸೂದೆ ಅದೇ ವರ್ಷ ಪಾಸಾಯಿತು. ಮಕ್ಕಳು ಚಿಮಣಿ ಹತ್ತುವುದು ಅದರೊಂದಿಗೆ ಕೊನೆಯಾಯಿತು. ಮನೆಗಳು ಸುಡಲಿಲ್ಲ. ಬ್ರಷ್ ಸಾಕಾಯಿತು.

ಅದೇ 1875ರಲ್ಲಿ ಅವರು ಭಾರತದ ಗಿರಣಿಗಳಲ್ಲಿ ದುಡಿಯುವ ಮಕ್ಕಳ ವಿಷಯವನ್ನೂ ಮೇಲ್ಮನೆಯಲ್ಲಿ ಎತ್ತಿದರು. 1881ರಲ್ಲಿ ಭಾರತದ ಮೊದಲ ಕಾರ್ಖಾನೆ ಕಾನೂನು ಬಂತು. 7 ವರ್ಷದೊಳಗಿನವರಿಗೆ ಕೆಲಸ ನಿಷೇಧ, 12ರೊಳಗಿನವರಿಗೆ ದಿನಕ್ಕೆ 9 ಗಂಟೆ. ಅದರ ಹಿಂದೆ ನಮ್ಮ ಗಿರಣಿಗಳ ಪೈಪೋಟಿಗೆ ಹೆದರಿದ ಇಂಗ್ಲೆಂಡಿನ ಗಿರಣಿ ಮಾಲೀಕರ ಸ್ವಾರ್ಥವೂ ಇತ್ತು. ಆದರೆ ಮಕ್ಕಳಿಗೆ ಸಿಕ್ಕ ರಕ್ಷಣೆ, ಅದು ಎಷ್ಟೇ ಕಡಿಮೆ ಇರಲಿ, ನಿಜವಾದದ್ದು.

ಶಾಫ್ಟ್ಸ್‌ಬರಿ ಎಲ್ಲ ವಿಷಯದಲ್ಲೂ ಮುಂದೆ ನೋಡಿದವರಲ್ಲ. ಹೆಚ್ಚು ಜನರಿಗೆ ಮತದ ಹಕ್ಕು ಕೊಡುವುದನ್ನು ಅವರು ವಿರೋಧಿಸಿದ್ದರು. ಬಡವರಿಗಾಗಿ ದುಡಿದರು, ಬಡವರ ಕೈಗೆ ಅಧಿಕಾರ ಕೊಡಲು ಒಪ್ಪಲಿಲ್ಲ. ಇದನ್ನೂ ಹೇಳದಿದ್ದರೆ ಅವರ ಜೀವನಚರಿತ್ರೆ ಪೂರ್ತಿಯಾಗುವುದಿಲ್ಲ.

1885ರ ಅಕ್ಟೋಬರ್ 1ರಂದು ಅವರು ತೀರಿಕೊಂಡರು. ಲಂಡನ್ನಿನ ಪಿಕ್ಯಾಡಿಲಿ ಸರ್ಕಸ್‌ನಲ್ಲಿ ರೆಕ್ಕೆಯಿರುವ ಬಿಲ್ಲುಗಾರನ ಅಲ್ಯೂಮಿನಿಯಂ ಮೂರ್ತಿ ಇದೆ. ಪ್ರವಾಸಿಗರು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಅದು 1893ರಲ್ಲಿ ಇವರ ನೆನಪಿಗೆ ಕಟ್ಟಿದ ಕಾರಂಜಿ.

ಸ್ನೇಹಿತರೇ, ನಮ್ಮಲ್ಲಿ ಕೆಲವರು ನಾಳೆ ಅಕೌಂಟೆಂಟ್ ಆಗುತ್ತೇವೆ, ಕೆಲವರು ಅಂಗಡಿ, ವರ್ಕ್‌ಶಾಪ್ ನಡೆಸುತ್ತೇವೆ, ಕೆಲವರು ಸರ್ಕಾರಿ ಕಚೇರಿಯಲ್ಲಿ ಕುಳಿತು ಲೈಸೆನ್ಸ್‌ಗೆ ಸಹಿ ಹಾಕುತ್ತೇವೆ. ಕಡಿಮೆ ಖರ್ಚಿನಲ್ಲಿ ಆಗುವ ಯಾವುದೇ ಕೆಲಸ ನೋಡಿದಾಗ ಉಳಿದ ಖರ್ಚನ್ನು ಯಾರ ಮೈ ಕಟ್ಟುತ್ತಿದೆ ಎಂದು ಒಮ್ಮೆ ಕೇಳೋಣ. ಒಳ್ಳೆಯ ಕಾನೂನು ಬಂದಿತೆಂದು ಕೇಳಿದಾಗ ಅದನ್ನು ಪರೀಕ್ಷಿಸುವವರು ಯಾರು ಎಂದೂ ಕೇಳೋಣ. ಜಾರ್ಜ್ ಬ್ರೂಸ್ಟರ್ ಸತ್ತ ದಿನ ಇಂಗ್ಲೆಂಡಿನಲ್ಲಿ ಕಾನೂನಿಗೆ ಕೊರತೆ ಇರಲಿಲ್ಲ, ನೋಡುವ ಕಣ್ಣಿಗೆ ಕೊರತೆ ಇತ್ತು.