ಮನೆಯ ಪಾಠ, ಊರಾಚೆಯ ಓದುಗ

ಶಾಲೆಗೆ ಕಳುಹಿಸದೆ ಮಕ್ಕಳಿಗೆ ಮನೆಯಲ್ಲೇ ವಿದ್ಯೆ ಕೊಡಿಸುವ ಪಾಲಕರಿಗೆ ಬರವಣಿಗೆಯೇ ದೊಡ್ಡ ತೊಡಕು. ತಾವೇ ಕಲಿಸಬೇಕೆ, ಆನ್‌ಲೈನ್ ತರಗತಿಗೆ ಸೇರಿಸಬೇಕೆ? ಹನಗೋಡಿನಂಥ ಊರಿನಲ್ಲಿ ಕುಳಿತು ಇದನ್ನು ಯೋಚಿಸುವಾಗ ನನಗೆ ನಮ್ಮದೇ ಜಿಲ್ಲೆಯ ನಂಜನಗೂಡು ತಿರುಮಲಾಂಬ ನೆನಪಾಗುತ್ತಾರೆ.

1887ರಲ್ಲಿ ಜನಿಸಿದ ಅವರಿಗೆ ಬಾಲ್ಯದಲ್ಲೇ ವಿವಾಹವಾಯಿತು. 14ರ ವಯಸ್ಸಿಗೆ ವೈಧವ್ಯ ಬಂದೊದಗಿತು. ಅಂದಿನ ಸಂಪ್ರದಾಯಸ್ಥ ಸಮಾಜದಲ್ಲಿ ಬಾಲವಿಧವೆಯ ವಿದ್ಯಾಭ್ಯಾಸವನ್ನು ಕೇಳುವವರೇ ವಿರಳ. ವಕೀಲರಾಗಿದ್ದ ತಂದೆ ವೆಂಕಟಕೃಷ್ಣ ಅಯ್ಯಂಗಾರ್ ಮಗಳ ವ್ಯಾಸಂಗಕ್ಕೆ ಮನೆಯಲ್ಲೇ ಆಸರೆಯಾದರು. ಕನ್ನಡದ ಜೊತೆಗೆ ತೆಲುಗು, ತಮಿಳು ಗ್ರಂಥಗಳೂ ಆಕೆಗೆ ಕೈಗೆಟುಕಿದವು.

ಆದರೆ ತಿರುಮಲಾಂಬ ಬರೆದದ್ದು ಮನೆಯವರ ಮೆಚ್ಚುಗೆಗಾಗಿ ಮಾತ್ರವಲ್ಲ. 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆಯನ್ನು ಆರಂಭಿಸಿ ತಮ್ಮ ‘ಸುಶೀಲೆ’ ಕಾದಂಬರಿಯನ್ನು ತಾವೇ ಪ್ರಕಟಿಸಿದರು. ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿ’ ಪತ್ರಿಕೆಗಳನ್ನು ನಡೆಸಿದರು. ಹೊಸಗನ್ನಡದಲ್ಲಿ ಲೇಖಕಿ, ಪ್ರಕಾಶಕಿ, ಸಂಪಾದಕಿಯಾಗಿ ಮೊದಲಿಗರ ಸಾಲಿಗೆ ಸೇರಿದರು. ಕಾಲಾನಂತರ ಪತ್ರಿಕೆಗಳು ನಿಂತವು, ಲೇಖನಿಯೂ ಮೌನವಾಯಿತು. ದಶಕಗಳ ಕಾಲ ಸಾಹಿತ್ಯಲೋಕದ ಮರೆವಿಗೆ ಸಂದು, 1982ರಲ್ಲಿ ಅವರು ನಿಧನರಾದರು.

ಈ ಬದುಕಿನಿಂದ ನಾನು ಗ್ರಹಿಸುವುದು ಇಷ್ಟು: ಭಾಷೆಯನ್ನು ಮನೆ ಕಲಿಸಬಲ್ಲದು, ಬರಹವನ್ನು ಪಳಗಿಸುವುದು ಮಾತ್ರ ಅಪರಿಚಿತ ಓದುಗ. ತಂದೆತಾಯಿಯ ಪ್ರೀತಿ ತಪ್ಪನ್ನು ಮನ್ನಿಸುತ್ತದೆ. ಪರಿಚಯವಿಲ್ಲದವನು ಅರ್ಥವಾಗದ ವಾಕ್ಯದ ಬಳಿ ನಿಂತುಬಿಡುತ್ತಾನೆ. ಮಗುವಿನ ಪ್ರಬಂಧವನ್ನು ಗಮನವಿಟ್ಟು ಓದಿ ತಿದ್ದುವವರಿದ್ದರೆ ಆನ್‌ಲೈನ್ ತರಗತಿಯ ಶುಲ್ಕ ಸಾರ್ಥಕ. ಕೇವಲ ಅಂಕ ಹಾಕಿ ಹಿಂತಿರುಗಿಸುವುದಾದರೆ ಆ ಹಣದಲ್ಲಿ ಪುಸ್ತಕ ಕೊಳ್ಳುವುದೇ ಲೇಸು. ತರಗತಿಗೆ ಸೇರಿಸಲಿ, ಬಿಡಲಿ, ಮಗುವಿಗೆ ಮನೆಯಾಚೆ ಒಬ್ಬ ಓದುಗನನ್ನು ದೊರಕಿಸಿಕೊಡುವುದು ಪಾಲಕರ ಹೊಣೆ.