ಈರೋಡಿನಲ್ಲಿ ಹುಟ್ಟಿದ ರಾಮಾನುಜನ್ ಕೇಂಬ್ರಿಜ್‌ನಲ್ಲಿ ಬಾಳಿದ ಬಗೆ

ಈರೋಡು ಎಂದರೆ ತಾಳವಾಡಿ, ಆಸನೂರು ಕಡೆಯ ನಮಗೆ ಕಲೆಕ್ಟರ್ ಕಚೇರಿ ಮತ್ತು ಅರಿಶಿನದ ಮಂಡಿ. ಘಾಟಿ ಇಳಿದು ಹೋಗುತ್ತೇವೆ, ಕೆಲಸ ಮುಗಿಸಿ ಬಸ್ಸು ಹತ್ತುತ್ತೇವೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಹುಟ್ಟಿದ್ದು ಇದೇ ಊರಿನಲ್ಲಿ ಎಂಬುದು ನಮ್ಮಲ್ಲಿ ಅನೇಕರಿಗೆ ನೆನಪಿರುವುದಿಲ್ಲ. 1887ರ ಡಿಸೆಂಬರ್ 22ರಂದು, ತಾಯಿಯ ತವರುಮನೆಯಲ್ಲಿ ಅವರು ಹುಟ್ಟಿದರು. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಸೀರೆ ಅಂಗಡಿಯ ಗುಮಾಸ್ತ.

ಅವರ ಗಣಿತದ ಬಗ್ಗೆ ಬರೆಯುವವರು ಬಹಳ ಜನ ಇದ್ದಾರೆ. ಪರದೇಶದಲ್ಲಿ ವಿದ್ಯಾರ್ಥಿಯಾಗಿ ಅವರು ಹೇಗೆ ಬದುಕಿದರು ಎಂಬ ಕಥೆಯನ್ನು ಇಲ್ಲಿ ಹೇಳಬೇಕೆನಿಸಿತು. ನಮ್ಮ ಹಳ್ಳಿಗಳಿಂದಲೂ ಈಗ ಮಕ್ಕಳು ದೂರದೂರಕ್ಕೆ ಓದಲು ಹೋಗುತ್ತಿದ್ದಾರಲ್ಲ.

ಗಣಿತ ಒಂದನ್ನು ಬಿಟ್ಟು ಉಳಿದ ವಿಷಯಗಳಲ್ಲಿ ನಪಾಸಾಗಿ ರಾಮಾನುಜನ್ ಕಾಲೇಜು ಕಳೆದುಕೊಂಡರು. 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟ್‌ನಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತ ಕೆಲಸ ಸಿಕ್ಕಿತು. 1913ರ ಜನವರಿಯಲ್ಲಿ ತಮ್ಮ ಸೂತ್ರಗಳನ್ನು ಬರೆದು ಕೇಂಬ್ರಿಜ್‌ನ ಹಾರ್ಡಿ ಅವರಿಗೆ ಕಳುಹಿಸಿದರು. ಹಾರ್ಡಿ ಕೂಡಲೇ ಬರಹೇಳಿದರು. ಆದರೆ ಹೊರಡುವುದು ಅಷ್ಟು ಸುಲಭವಾಗಿರಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಎಂಬ ಕಾಲ ಅದು. ತಾಯಿ ಕೋಮಲತ್ತಮ್ಮಾಳ್ ಒಪ್ಪಲಿಲ್ಲ. ಕಡೆಗೆ ನಾಮಕ್ಕಲ್‌ನ ನಾಮಗಿರಿ ತಾಯಿ ಕನಸಿನಲ್ಲಿ ಬಂದು ಮಗನಿಗೆ ಅಡ್ಡ ನಿಲ್ಲಬೇಡ ಎಂದಳೆಂದು ಹೇಳಿ ತಾಯಿಯೇ ಒಪ್ಪಿಗೆ ಕೊಟ್ಟರಂತೆ. ಮದ್ರಾಸ್ ವಿಶ್ವವಿದ್ಯಾಲಯ ವರ್ಷಕ್ಕೆ 250 ಪೌಂಡ್ ವಿದ್ಯಾರ್ಥಿವೇತನ ಮಂಜೂರು ಮಾಡಿತು. ಅದರಲ್ಲಿ ಒಂದು ಪಾಲು ಮನೆಗೆ ಹೋಗುವಂತೆ ರಾಮಾನುಜನ್ ಮೊದಲೇ ಏರ್ಪಾಡು ಮಾಡಿದರು.

ಹೊರಡುವ ಮುಂಚೆ ತಾಯಿಯನ್ನೂ ಹೆಂಡತಿ ಜಾನಕಿಯನ್ನೂ ಕುಂಭಕೋಣದ ರೈಲು ಹತ್ತಿಸಿದರು. ಜುಟ್ಟು ತೆಗೆಸಿ ಕೋಟು, ಕಾಲರ್ ಹಾಕಿಕೊಂಡ ಮಗನನ್ನು ಮನೆಯವರು ನೋಡದಿರಲಿ ಎಂಬುದು ಅದರ ಉದ್ದೇಶ. 1914ರ ಮಾರ್ಚ್ 17ರಂದು ನೆವಾಸಾ ಎಂಬ ಹಡಗು ಮದ್ರಾಸು ಬಿಟ್ಟಿತು. ಏಪ್ರಿಲ್ 14ಕ್ಕೆ ಲಂಡನ್. ಬಂದರಿಗೆ ಕಾರು ತಂದು ಕಾದಿದ್ದವರು ಕೇಂಬ್ರಿಜ್‌ನ ಗಣಿತಜ್ಞ ನೆವಿಲ್. ಕೆಲವು ದಿನ ಲಂಡನ್ನಿನ ಕ್ರಾಮ್‌ವೆಲ್ ರಸ್ತೆಯಲ್ಲಿ, ಭಾರತದಿಂದ ಹೊಸದಾಗಿ ಬರುವ ವಿದ್ಯಾರ್ಥಿಗಳು ಇಳಿದುಕೊಳ್ಳುವ ಮನೆಯಲ್ಲಿ ಉಳಿದರು. ಆಮೇಲೆ ಕೇಂಬ್ರಿಜ್‌ನಲ್ಲಿ ನೆವಿಲ್ ದಂಪತಿಗಳ ಮನೆಯಲ್ಲೇ ಇದ್ದರು. ಜೂನ್ ಹೊತ್ತಿಗೆ ಟ್ರಿನಿಟಿ ಕಾಲೇಜಿಗೆ ಸೇರಿದ ವ್ಯೂವೆಲ್ಸ್ ಕೋರ್ಟ್‌ನ ಕೋಣೆಗೆ ಬಂದರು.

ಇಪ್ಪತ್ತಾರು ವರ್ಷ ಬಿಡುಗಾಲಿನಲ್ಲಿ ಓಡಾಡಿದವರಿಗೆ ಬೂಟು ಹಿಂಸೆಯಾಯಿತು. ಅಲ್ಲಿನ ತರಕಾರಿ ಬಾಯಿಗೆ ಹಿಡಿಸಲಿಲ್ಲ. ಕಾಲೇಜಿನ ಅಡುಗೆಮನೆಯಲ್ಲಿ ಮಾಂಸದ ಕೊಬ್ಬು ಬೆರೆತೀತೆಂಬ ಅನುಮಾನ ಬೇರೆ. ಹಾಗಾಗಿ ಕೋಣೆಯಲ್ಲೇ ಒಲೆ ಇಟ್ಟುಕೊಂಡು ಅನ್ನ ಸಾರು ಮಾಡಿಕೊಂಡರು. ಲೆಕ್ಕದಲ್ಲಿ ಮುಳುಗಿದ ದಿನ ಅಡುಗೆಯೇ ಇಲ್ಲ. ಅನ್ನಕ್ಕೆ ಉಪ್ಪು, ನಿಂಬೆರಸ ಇದ್ದರೆ ಸಾಕೆಂದು ಊರಿಗೆ ಕಾಗದ ಬರೆದದ್ದೂ ಉಂಟು.

ಚಳಿಯ ವಿಷಯ ಕೇಳಿ. ಮುಂದೆ ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರ ಸಂಸ್ಥೆ ಕಟ್ಟಿದ ಮಹಾಲನೋಬಿಸ್ ಆಗ ಕೇಂಬ್ರಿಜ್‌ನಲ್ಲೇ ವಿದ್ಯಾರ್ಥಿ. ರಾತ್ರಿ ಬೆಚ್ಚಗಿರುತ್ತದೆಯೇ ಎಂದು ಅವರು ವಿಚಾರಿಸಿದಾಗ, ಓವರ್‌ಕೋಟು ತೊಟ್ಟು ಶಾಲು ಸುತ್ತಿಕೊಂಡು ಮಲಗಿದರೂ ನಡುಕ ಬಿಡುವುದಿಲ್ಲ ಎಂದು ತಿಳಿಯಿತು. ಹೋಗಿ ನೋಡಿದರೆ ಹಾಸಿಗೆಯ ಮೇಲೆ ಕಂಬಳಿಗಳು ಬೇಕಾದಷ್ಟು ಇದ್ದವು. ಆದರೆ ಅವುಗಳ ಅಂಚನ್ನು ಬಿಗಿಯಾಗಿ ಒಳಗೆ ಸೇರಿಸಿ, ಮೇಲೆ ಹೊದಿಕೆ ಹಾಕಿತ್ತು. ರಾಮಾನುಜನ್ ಅದನ್ನೇ ಹಾಸಿಗೆ ಎಂದುಕೊಂಡು ಮೇಲೆ ಮಲಗುತ್ತಿದ್ದರು! ಕಂಬಳಿ ಸರಿಸಿ ಅದರ ಒಳಗೆ ಸೇರಿಕೊಳ್ಳಬೇಕೆಂದು ಸ್ನೇಹಿತ ತೋರಿಸಿಕೊಟ್ಟರು. ನಗಬಹುದು. ಆದರೆ ಕಂಬಳಿ ಎಲ್ಲಿ ಎಂದು ಅಲ್ಲಿಯವರೆಗೆ ಅವರು ಯಾರನ್ನೂ ಕೇಳಿರಲಿಲ್ಲ ಎಂಬುದನ್ನೂ ಗಮನಿಸಬೇಕು.

ಇನ್ನೊಂದು ಸಂಗತಿಯೂ ಇದೇ ರೀತಿಯದು. ಸ್ನೇಹಿತರನ್ನು ಊಟಕ್ಕೆ ಕರೆದು ತಾವೇ ಸಾರು ಬಡಿಸಿದರು. ಮೂರನೆಯ ಸಲ ಬಡಿಸಲು ಬಂದಾಗ ಅತಿಥಿಗಳು ಸಾಕೆಂದರು. ಸ್ವಲ್ಪ ಹೊತ್ತಿಗೆ ನೋಡಿದರೆ ರಾಮಾನುಜನ್ ಕೋಣೆಯಲ್ಲೇ ಇಲ್ಲ. ಕೆಲವು ದಿನ ಕಳೆದು ಆಕ್ಸ್‌ಫರ್ಡ್‌ನಿಂದ ತಂತಿ ಬಂತು, ಐದು ಪೌಂಡ್ ಕಳುಹಿಸಿ ಎಂದು. ತಮ್ಮ ಅಡುಗೆಗೆ ಅವಮಾನವಾಯಿತೆಂದು ನೊಂದು ಹೊರಟುಬಿಟ್ಟಿದ್ದರು. ಇದನ್ನು ಬರೀ ಮುಂಗೋಪ ಎನ್ನುವುದು ಸರಿಯಲ್ಲ. ಎರಡು ವರ್ಷ ಒಂಟಿ ಕೋಣೆಯಲ್ಲಿ ಬದುಕಿದವನಿಗೆ ಆ ಸಾರು ಬರೀ ಸಾರಾಗಿರಲಾರದು.

ಅಷ್ಟರಲ್ಲಿ, 1914ರ ಆಗಸ್ಟ್‌ನಲ್ಲೇ, ಮಹಾಯುದ್ಧ ಶುರುವಾಗಿತ್ತು. ಟ್ರಿನಿಟಿಯ ಅಂಗಳ ಗಾಯಾಳು ಸೈನಿಕರ ಆಸ್ಪತ್ರೆಯಾಯಿತು. ಹಾಲು, ತರಕಾರಿ ದುರ್ಲಭವಾದವು. ಕಡಲಲ್ಲಿ ಜಲಾಂತರ್ಗಾಮಿಗಳ ಭಯವಿದ್ದುದರಿಂದ ಊರಿಗೆ ಬಂದು ಹೋಗಲೂ ಆಗಲಿಲ್ಲ. ಎರಡು ವರ್ಷಕ್ಕೆಂದು ಹೋದವರು ಐದು ವರ್ಷ ಉಳಿದರು. ಕೆಲಸವಂತೂ ನಿಲ್ಲಲಿಲ್ಲ. 1916ರ ಮಾರ್ಚ್‌ನಲ್ಲಿ ಸಂಶೋಧನೆಗಾಗಿ ಕೇಂಬ್ರಿಜ್ ಬಿ.ಎ. ಪದವಿ ಕೊಟ್ಟಿತು. ಊರಿನಲ್ಲಿ ಎಫ್.ಎ. ಕೂಡ ದಾಟದವರಿಗೆ!

ಮನೆಯಲ್ಲಿ ಅತ್ತೆ ಸೊಸೆಗೆ ಆಗಿಬರಲಿಲ್ಲ. ಜಾನಕಿ ಬರೆದ ಕಾಗದಗಳು ಗಂಡನ ಕೈ ಸೇರುತ್ತಿರಲಿಲ್ಲ ಎಂದು ಆಕೆಯೇ ಮುಂದೆ ಹೇಳಿಕೊಂಡಿದ್ದಾರೆ. 1917ರಲ್ಲಿ ಕಾಯಿಲೆ ಬಿತ್ತು. ಕ್ಷಯ ಎಂದು ವೈದ್ಯರು ಚಿಕಿತ್ಸೆ ಕೊಟ್ಟರು. ಆ ಕಾಲದ ಕ್ಷಯ ಚಿಕಿತ್ಸೆ ಎಂದರೆ ತೆರೆದ ಕಿಟಕಿ, ತಣ್ಣನೆ ಗಾಳಿ. ಚಳಿಗೆ ಅಂಜುವವರಿಗೆ ಅದು ಶಿಕ್ಷೆಯೇ ಸರಿ. ಅದು ಕ್ಷಯವಲ್ಲ, ಮೊದಲೇ ಆಗಿದ್ದ ಆಮಶಂಕೆ ಯಕೃತ್ತಿಗೆ ಹತ್ತಿದ್ದು ಎಂದು 1994ರಲ್ಲಿ ಇಂಗ್ಲೆಂಡಿನ ವೈದ್ಯರೊಬ್ಬರು ವಾದಿಸಿದರು. 1918ರ ಆರಂಭದಲ್ಲಿ ಮನಸ್ಸು ಕುಸಿದು ಲಂಡನ್ನಿನಲ್ಲಿ ಪ್ರಾಣ ಕಳೆದುಕೊಳ್ಳಲು ಹೊರಟಿದ್ದರು, ಉಳಿದರು. ಹಾರ್ಡಿ ಪೊಲೀಸರ ಬಳಿ ಹೋಗಿ ಬಿಡಿಸಿಕೊಂಡು ಬಂದರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ ಆದರು, ಅಕ್ಟೋಬರ್‌ನಲ್ಲಿ ಟ್ರಿನಿಟಿಯ ಫೆಲೋ ಕೂಡ. ಟ್ರಿನಿಟಿಯ ಆ ಸ್ಥಾನ ಪಡೆದ ಮೊದಲ ಭಾರತೀಯ ಅವರೇ.

ಮದ್ರಾಸ್ ವಿಶ್ವವಿದ್ಯಾಲಯ ಮತ್ತೆ ವರ್ಷಕ್ಕೆ 250 ಪೌಂಡ್ ಕೊಡುವುದಾಗಿ ಹೇಳಿದಾಗ, ಅಷ್ಟೆಲ್ಲ ಬೇಡ, ತಂದೆತಾಯಿಗೆ 50 ಪೌಂಡ್ ಕೊಟ್ಟು ಉಳಿದದ್ದನ್ನು ಬಡ ಮತ್ತು ಅನಾಥ ಹುಡುಗರ ಶಾಲಾ ಶುಲ್ಕಕ್ಕೆ, ಪುಸ್ತಕಕ್ಕೆ ಬಳಸಿರೆಂದು 1919ರ ಜನವರಿಯಲ್ಲಿ ಬರೆದರು. ಅವರು ಆಗಲೂ ರೋಗಿಯೇ. ಮಾರ್ಚ್ 27ರಂದು ಬೊಂಬಾಯಿಗೆ ಬಂದಿಳಿದರು. 1920ರ ಏಪ್ರಿಲ್ 26ರಂದು ಮದ್ರಾಸಿನಲ್ಲಿ ತೀರಿಕೊಂಡಾಗ ವಯಸ್ಸು 32. ಸಮುದ್ರ ದಾಟಿದವನೆಂದು ನೆಂಟರಲ್ಲಿ ಹಲವರು ಅಂತ್ಯಕ್ರಿಯೆಗೆ ಬರಲಿಲ್ಲ. ಜಾನಕಿ ಮದ್ರಾಸಿನ ಟ್ರಿಪ್ಲಿಕೇನ್‌ನಲ್ಲಿ ಬಟ್ಟೆ ಹೊಲಿದು ಜೀವನ ಮಾಡಿ, 1994ರವರೆಗೆ ಬದುಕಿದ್ದರು.