ತಮಿಳು ಸೀಮೆಯಿಂದ ಬಂದ ಕನ್ನಡದ ವಾಗ್ಗೇಯಕಾರರು

ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಮಹನೀಯರ ಬಗ್ಗೆ ಬರೆದುಕೊಡಿ ಎಂದು ಮುಖ್ಯೋಪಾಧ್ಯಾಯರು ಕೇಳಿದಾಗ ನನಗೆ ನೆನಪಾದವರು ಹರಿಕೇಶನಲ್ಲೂರು ಮುತ್ತಯ್ಯ ಭಾಗವತರು. ಕಾರಣವಿದೆ. ನಮ್ಮ ಮನೆಮಾತು ತೆಲುಗು. ಗುಡೇಮಾರನಹಳ್ಳಿಯ ಈ ಶಾಲೆಗೆ ಸೇರಿದ ಹೊಸತರಲ್ಲಿ, ಕನ್ನಡ ತಪ್ಪೀತೆಂಬ ಭಯಕ್ಕೆ ಪ್ರಾರ್ಥನೆಯಲ್ಲಿ ಬರೀ ತುಟಿ ಆಡಿಸುತ್ತಿದ್ದೆ, ದನಿ ತೆಗೆಯುತ್ತಿರಲಿಲ್ಲ.

ಭಾಗವತರ ಮನೆಮಾತು ತಮಿಳು. 1877ರ ನವೆಂಬರ್ 15ರಂದು ತಿರುನೆಲ್ವೇಲಿ ಸೀಮೆಯ ಪುನಲ್ವೇಲಿಯಲ್ಲಿ ಜನನ. ಎಳೆಯ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಸೋದರಮಾವ ಲಕ್ಷ್ಮಣ ಸೂರಿಗಳು ಸಂಸ್ಕೃತಕ್ಕೆ ಕೂರಿಸಿದರೂ ಹುಡುಗನ ಮನಸ್ಸೆಲ್ಲ ಸಂಗೀತದ ಮೇಲೆ. ಗುರುವನ್ನು ಹುಡುಕಿಕೊಂಡು ಊರು ಬಿಟ್ಟು ಹೋಗಿ, ಸಾಂಬಶಿವ ಅಯ್ಯರ್ ಅವರಲ್ಲಿ ವರ್ಷಗಟ್ಟಲೆ ಕಲಿತರು. ಕಛೇರಿಯ ಜೊತೆಗೆ ಹರಿಕಥೆಯಲ್ಲೂ ದೊಡ್ಡ ಹೆಸರಾಯಿತು.

ವಯಸ್ಸು ಐವತ್ತರ ಆಸುಪಾಸಿನಲ್ಲಿದ್ದಾಗ ಮೈಸೂರಿನ ಆಸ್ಥಾನ ವಿದ್ವಾಂಸರಾದರು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಚಾಮುಂಡೇಶ್ವರಿಯ ಅಷ್ಟೋತ್ತರದ ಒಂದೊಂದು ನಾಮಕ್ಕೂ ಒಂದೊಂದರಂತೆ 108 ಕೃತಿಗಳನ್ನು ರಚಿಸಿದರು. ಅದೂ ಕನ್ನಡದಲ್ಲಿ! ಆ ವಯಸ್ಸಿನಲ್ಲಿ ಹೊಸ ಭಾಷೆಯೊಂದಕ್ಕೆ ಕೈಹಾಕುವುದು ಹುಡುಗಾಟವಲ್ಲ. ಆ ಸಾಹಿತ್ಯದಲ್ಲಿ ಸಂಸ್ಕೃತವೇ ಹೆಚ್ಚು, ನಮ್ಮ ಹಳ್ಳಿಯ ಕನ್ನಡ ಕಡಿಮೆ, ನಿಜ. ಆದರೂ ಮೋಹನಕಲ್ಯಾಣಿಯ 'ಭುವನೇಶ್ವರಿಯ' ಕೃತಿಯನ್ನು ಕೇಳುವಾಗ ಬರೆದವರು ಹೊರಗಿನವರೆಂದು ನನಗೆಂದೂ ಅನ್ನಿಸಿಲ್ಲ. ತಮ್ಮ ಊರನ್ನೂ ಅವರು ಬಿಟ್ಟುಕೊಡಲಿಲ್ಲ. ಅವರ ಅಂಕಿತವೇ 'ಹರಿಕೇಶ'.

ಕನ್ನಡ, ತಮಿಳು, ತೆಲುಗು, ಸಂಸ್ಕೃತ ಎಲ್ಲ ಸೇರಿ ಅವರ ರಚನೆಗಳು ಸುಮಾರು 400. ಹೊಸ ರಾಗಗಳನ್ನು ಕಟ್ಟುವುದೆಂದರೆ ಅವರಿಗೆ ಬಲು ಇಷ್ಟ. ನಿರೋಷ್ಠ ಎಂಬ ರಾಗದಲ್ಲಿ ಮಧ್ಯಮ, ಪಂಚಮ ಎರಡೂ ಇಲ್ಲ. ಮ, ಪ ಅನ್ನಲು ತಾನೇ ತುಟಿ ಕೂಡಬೇಕು? ಹಾಗಾಗಿ ಅದರ ಸ್ವರಗಳನ್ನು ಹಾಡುವಾಗ ತುಟಿಗೆ ತುಟಿ ತಾಗುವುದೇ ಇಲ್ಲ. ಮಕ್ಕಳಿಗೆ ಇದನ್ನು ಹೇಳಿದರೆ ಆ ಕ್ಷಣವೇ ಸ ರಿ ಗ ದ ನಿ ಎಂದು ಪರೀಕ್ಷೆ ಮಾಡಿ ನೋಡುತ್ತಾರೆ.

ಮುಂದೆ ತಿರುವಾಂಕೂರು ಕರೆಸಿಕೊಂಡಿತು. ಸ್ವಾತಿ ತಿರುನಾಳರ ಕೃತಿಗಳನ್ನು ಬೆಳಕಿಗೆ ತರುವ ಕೆಲಸದಲ್ಲಿ ತೊಡಗಿದರು. 1939ರಲ್ಲಿ ತಿರುವನಂತಪುರದ ಸಂಗೀತ ಶಾಲೆಯ ಮೊದಲ ಪ್ರಾಂಶುಪಾಲರಾದರು. 'ಸಂಗೀತ ಕಲ್ಪದ್ರುಮ' ಗ್ರಂಥಕ್ಕಾಗಿ 1943ರಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯ ಡಾಕ್ಟರೇಟ್ ಕೊಟ್ಟಿತು. ಪ್ರಸಿದ್ಧ ಗಾಯಕ ಮದುರೈ ಮಣಿ ಅಯ್ಯರ್ ಇವರ ಶಿಷ್ಯರು.

ಇಷ್ಟೆಲ್ಲ ಸುತ್ತಿದವರು ಕೊನೆಗೆ ಮೈಸೂರಿಗೇ ಮರಳಿದ್ದರು. ಅಷ್ಟು ಹೊತ್ತಿಗೆ ನಾಲ್ವಡಿಯವರು ಇರಲಿಲ್ಲ. ಜಯಚಾಮರಾಜ ಒಡೆಯರ ಕಾಲ. 1945ರ ಜೂನ್ 30ರಂದು, ತಾವು 108 ಬಾರಿ ಹಾಡಿದ ತಾಯಿಯ ಬೆಟ್ಟದ ತಪ್ಪಲಿನ ಆ ಊರಿನಲ್ಲೇ ಭಾಗವತರು ಕಣ್ಮುಚ್ಚಿದರು.